ಗೋಡೆಯ ಮೇಲಿನ ಶತ್ರು

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಕಳೆದ ವರ್ಷ ಹೊಸದೊಂದು ಬಾಡಿಗೆ ಮನೆ ಹಿಡಿದ. ಮನೆ ನೋಡಲೆಂದು ಅಮ್ಮಿಯನ್ನು ಕರೆದುಕೊಂಡು ಹೋಗಿದ್ದೆ. ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿದ ನಾಲ್ಕು ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಒಂದರಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿ ಮಾಡಿದ ಏಡಿಯಂತಹ ಆಕೃತಿಗಳು. ಎರಡನೆಯದರಲ್ಲಿ ಬಾಯಿ ತೆರೆದ ಹಳದಿ ಉಂಡೆ. ಮೂರನೆಯದರಲ್ಲಿ ಆಕಾಶದಿಂದ ನಗರಗಳ ಮೇಲೆ ಇಳಿಯುತ್ತಿರುವ ಬೆಂಕಿಯ ಗೆರೆಗಳು. ನಾಲ್ಕನೆಯದು ಹಸಿರು ಗೆರೆಗಳಲ್ಲಿ ಬರೆದ ಒಂದು ಟ್ಯಾಂಕು.

ಅಮ್ಮಿ ಕನ್ನಡಕ ಸರಿಪಡಿಸಿಕೊಂಡು ಮೊದಲ ಚಿತ್ರದ ಹತ್ತಿರ ಹೋದರು. "ಬೇಟಾ, ಇದು ಜಾನ್‌ದಾರ್ ತಸ್ವೀರಾ?" ಎಂದು ಕೇಳಿದರು. ಜೀವವಿರುವ ಪ್ರಾಣಿಯ ಅಥವಾ ಮನುಷ್ಯನ ಚಿತ್ರವನ್ನು ಮನೆಯ ಗೋಡೆಗೆ ತೂಗುಹಾಕಬಾರದು ಎಂಬುದು ಅವರು ಪಾಲಿಸಿಕೊಂಡು ಬಂದ ಶಿಸ್ತು. ನಮ್ಮ ಹಳೆಯ ಮನೆಯ ಗೋಡೆಯಲ್ಲಿ ಕಾಬಾದ ಚಿತ್ರವಿದ್ದ ಕ್ಯಾಲೆಂಡರ್ ಮತ್ತು ಆಯತುಲ್ ಕುರ್ಸಿಯ ಒಂದು ಕಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ.

"ಅಲ್ಲ ನಾನಿ, ಇವು ಹಳೇ ವಿಡಿಯೊ ಗೇಮ್‌ನವು. ಬರೀ ಚೌಕಗಳು" ಎಂದ ಹುಡುಗ. "ಹಾಗಾದರೆ ಸರಿ" ಎಂದು ಅಮ್ಮಿ ಅಡುಗೆಮನೆ ನೋಡಲು ನಡೆದರು.

ಅವರು ಕೇಳಿದ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ನಲವತ್ತು ವರ್ಷಗಳಿಗೂ ಹಳೆಯದಾದ ಈ ಆಟಗಳ ಚಿತ್ರಗಳನ್ನು ಇಂದಿನ ಯುವಕರು ಗೋಡೆಗೇರಿಸುತ್ತಿರುವುದೇಕೆ? ಅವುಗಳಲ್ಲಿರುವ ಆಕೃತಿಗಳು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದು ಆಟದ ಚರಿತ್ರೆ ಮಾತ್ರವಲ್ಲ. ಶತ್ರುವಿಗೆ ಮುಖ ಬಂದ ಚರಿತ್ರೆಯೂ ಅದರಲ್ಲಿತ್ತು.

ಜಾಹೀರಾತಿನಿಂದ ಕಲಾಶಾಲೆಗೆ

ಈ ಚಿತ್ರಗಳು ಹುಟ್ಟಿದ್ದು ಮನೆಯ ಗೋಡೆಗಾಗಿ ಅಲ್ಲ. 1970ರ ದಶಕದಲ್ಲಿ ಅಮೆರಿಕ ಮತ್ತು ಜಪಾನಿನಲ್ಲಿ ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳು ಬಂದವು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೊಂದು ಟಿವಿ ಪರದೆ. ಸಾಲಾಗಿ ನಿಂತ ಹತ್ತಾರು ಯಂತ್ರಗಳ ನಡುವೆ ತನ್ನತ್ತ ಗಿರಾಕಿಯನ್ನು ಸೆಳೆಯಲು ಪ್ರತಿ ಪೆಟ್ಟಿಗೆಯ ಎರಡೂ ಬದಿಗೆ ದೊಡ್ಡ ಬಣ್ಣದ ಚಿತ್ರ ಅಚ್ಚು ಹಾಕುತ್ತಿದ್ದರು. ಯಂತ್ರ ಕೊಳ್ಳುವ ವ್ಯಾಪಾರಿಗಳಿಗೆ ಹಂಚಲು ಬಣ್ಣದ ಕರಪತ್ರಗಳಿದ್ದವು. ಮನೆಯ ಟಿವಿಗೆ ಜೋಡಿಸುವ ಆಟಗಳು ಬಂದ ಮೇಲೆ ಕ್ಯಾಸೆಟ್ಟಿನ ರಟ್ಟಿನ ಡಬ್ಬದ ಮೇಲೂ ಚಿತ್ರ ಬಂತು. ಅಟಾರಿ ಕಂಪೆನಿಗೆ ಕ್ಲಿಫ್ ಸ್ಪೋನ್ ಮುಂತಾದ ಚಿತ್ರಕಾರರು ಕುಂಚದಿಂದ ಬಿಡಿಸಿಕೊಟ್ಟ ಡಬ್ಬದ ಚಿತ್ರಗಳನ್ನು ಇಂದು ನೋಡಿದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಆ ಚಿತ್ರಗಳನ್ನು ಒಟ್ಟುಗೂಡಿಸಿದ ಟಿಮ್ ಲ್ಯಾಪಟಿನೊ ಅವರ 'ಆರ್ಟ್ ಆಫ್ ಅಟಾರಿ' ಎಂಬ ಗ್ರಂಥ 2016ರಲ್ಲಿ ಪ್ರಕಟವಾಯಿತು.

ಡಬ್ಬದ ಮೇಲೆ ಇಷ್ಟೊಂದು ಚಿತ್ತಾರ ಬೇಕಾದದ್ದು ಪರದೆಯ ಬಡತನದಿಂದಾಗಿ. ಅಂದಿನ ಯಂತ್ರಗಳ ನೆನಪಿನ ಶಕ್ತಿ ತೀರಾ ಕಡಿಮೆ. ಕೆಲವೇ ಚೌಕಗಳಲ್ಲಿ ವಿಮಾನವನ್ನೂ ರಾಕ್ಷಸನನ್ನೂ ತೋರಿಸಬೇಕಿತ್ತು. ಡಬ್ಬದ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಗು ಪರದೆಯ ಚೌಕಗಳೊಂದಿಗೆ ಆಡುತ್ತಿತ್ತು. ಉಳಿದದ್ದನ್ನು ಕಲ್ಪನೆ ತುಂಬಿಕೊಳ್ಳುತ್ತಿತ್ತು.

ಕಾಲ ಕಳೆದಂತೆ ಯಂತ್ರಗಳು ಗುಜರಿ ಸೇರಿದವು. ಆದರೆ ಅವುಗಳೊಡನೆ ಬೆಳೆದ ಮಕ್ಕಳು ದೊಡ್ಡವರಾಗಿ ಸಂಪಾದಿಸತೊಡಗಿದಾಗ ಚಿತ್ರಗಳು ಮತ್ತೆ ಬಂದವು. 2002ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರ ವಿಡಿಯೊ ಗೇಮ್‌ಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. 2012ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯವೂ ಅಂತಹದ್ದನ್ನು ನಡೆಸಿತು. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ 'ಪ್ಯಾಕ್‌ಮನ್', 'ಟೆಟ್ರಿಸ್' ಸೇರಿದಂತೆ 14 ಆಟಗಳನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ವ್ಯಾಪಾರಿ ಕರಪತ್ರ ಹೀಗೆ ಕಲಾಕೃತಿಯ ಸ್ಥಾನಕ್ಕೇರಿತು. ಇಂದು ಹಳೆಯ ಕರಪತ್ರಗಳ ಮರುಮುದ್ರಣವನ್ನು ಯಾರೂ ತರಿಸಿಕೊಂಡು ಕಟ್ಟು ಹಾಕಿಸಬಹುದು.

ಮನುಷ್ಯನಿಗೆ ಗುಂಡಿಡಬಾರದೆಂದವರು

ಅಮ್ಮಿ ಅನುಮಾನದಿಂದ ನೋಡಿದ ಮೊದಲ ಚಿತ್ರ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟದ್ದು. ಜಪಾನಿನ ಟೈಟೊ ಕಂಪೆನಿಯ ಟೊಮೊಹಿರೊ ನಿಶಿಕಾಡೊ ಎಂಬ ಎಂಜಿನಿಯರ್ 1978ರಲ್ಲಿ ಇದನ್ನು ರೂಪಿಸಿದ. ಐದು ಸಾಲು, ಪ್ರತಿ ಸಾಲಿಗೆ ಹನ್ನೊಂದರಂತೆ 55 ಆಕೃತಿಗಳು ಮೇಲಿನಿಂದ ಒಂದೊಂದೇ ಹೆಜ್ಜೆ ಕೆಳಗಿಳಿಯುತ್ತವೆ. ಆಡುವವನು ಕೆಳಗಿನಿಂದ ಗುಂಡು ಹೊಡೆದು ಅವುಗಳನ್ನು ಉರುಳಿಸಬೇಕು. ಸಂಖ್ಯೆ ಕಡಿಮೆಯಾದಂತೆ ಉಳಿದವು ವೇಗವಾಗಿ ಬರುತ್ತವೆ. ಯಂತ್ರ ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದಾಗ ತಾನಾಗಿಯೇ ಉಂಟಾದ ವೇಗವದು. ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಬಿಟ್ಟ.

ಈ ಆಕೃತಿಗಳ ಹಿಂದೆ ಒಂದು ನಿರ್ಧಾರವಿದೆ. ನಿಶಿಕಾಡೊ ಮೊದಲು ವಿಮಾನ, ಟ್ಯಾಂಕುಗಳನ್ನು ಗುರಿಯಾಗಿಡಲು ನೋಡಿದ. ಅವುಗಳ ಚಲನೆ ಸರಾಗವಾಗಿ ಬರಲಿಲ್ಲ. ಮನುಷ್ಯಾಕೃತಿಯ ಚಲನೆ ಚೆನ್ನಾಗಿಯೇ ಬಂತು. ಆದರೆ ಮನುಷ್ಯರಿಗೆ ಗುಂಡು ಹೊಡೆಯುವ ಆಟ ಸಲ್ಲದು ಎಂದು ಕಂಪೆನಿಯ ಮೇಲಿನವರು ತಡೆದರು. ಆಗ ಅವನಿಗೆ ನೆನಪಾದದ್ದು ಎಚ್. ಜಿ. ವೆಲ್ಸ್‌ನ 'ವಾರ್ ಆಫ್ ದ ವರ್ಲ್ಡ್ಸ್' ಕಾದಂಬರಿಯ ಅನ್ಯಲೋಕದ ಜೀವಿಗಳು. ಅಷ್ಟಪದಿ, ಏಡಿ, ಕಣವೆ ಮೀನುಗಳಂತಹ ಕಡಲ ಜೀವಿಗಳ ರೂಪದಲ್ಲಿ ಶತ್ರು ಸಿದ್ಧವಾದ.

ಇಲ್ಲಿ ಆ ಕಾಲವನ್ನು ಅತಿಯಾಗಿ ಹೊಗಳುವ ಅಗತ್ಯವಿಲ್ಲ. ಇದೇ ನಿಶಿಕಾಡೊ 1975ರಲ್ಲಿ ಇಬ್ಬರು ಕುದುರೆಗಾಹಿಗಳು ಪರಸ್ಪರ ಗುಂಡು ಹಾರಿಸುವ ಆಟವನ್ನು ಮಾಡಿದ್ದ. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪೆನಿ 'ಡೆತ್ ರೇಸ್' ಎಂಬ ಆಟ ತಂದಿತು. ಅದರಲ್ಲಿ ಕಡ್ಡಿಯಂತಹ ಆಕೃತಿಗಳ ಮೇಲೆ ಕಾರು ಹಾಯಿಸಬೇಕು, ಹಾಯಿಸಿದಲ್ಲಿ ಗೋರಿಯ ಶಿಲುಬೆ ಮೂಡುತ್ತದೆ. ಅವು ಮನುಷ್ಯರಲ್ಲ, ಪಿಶಾಚಿಗಳು ಎಂದು ಕಂಪೆನಿ ಸಮಜಾಯಿಷಿ ನೀಡಿತು. ಜನ ಒಪ್ಪಲಿಲ್ಲ, ದೇಶವ್ಯಾಪಿ ಟೀಕೆ ಎದ್ದಿತು. ಅಂದರೆ ಆಟದಲ್ಲಿ ಕೊಲ್ಲುವುದು ಯಾರನ್ನು ಎಂಬ ಪ್ರಶ್ನೆ ಆ ದಿನಗಳಲ್ಲೇ ಜೀವಂತವಾಗಿತ್ತು. ಆ ಪ್ರಶ್ನೆಗೆ ಒಂದು ಕಂಪೆನಿ ಕೊಟ್ಟ ಉತ್ತರ ನಮ್ಮ ಹುಡುಗನ ಗೋಡೆಯಲ್ಲಿ ತೂಗುತ್ತಿದೆ.

ವಿಚಿತ್ರವೆಂದರೆ, ಇದೇ ಆಟ ಅಮೆರಿಕಕ್ಕೆ ಹೋದಾಗ ಯಂತ್ರದ ಬದಿಗೆ ಬಿಡಿಸಿದ ಚಿತ್ರದಲ್ಲಿ ಏಡಿಯೂ ಇಲ್ಲ, ಅಷ್ಟಪದಿಯೂ ಇಲ್ಲ. ಅಲ್ಲಿದ್ದುದು ಮನುಷ್ಯನಂತೆಯೇ ಎರಡು ಕಾಲಿನ ಮೇಲೆ ನಿಂತ ರಾಕ್ಷಸರು. ಪರದೆ ಮಾಡದಿದ್ದುದನ್ನು ಪೋಸ್ಟರ್ ಮಾಡಿತು, ಶತ್ರುವಿಗೆ ಮೈಕಟ್ಟು ಕೊಟ್ಟಿತು.

ಜನ ಪ್ರೀತಿಯಿಂದ ಉಳಿಸಿಕೊಂಡದ್ದು ಮಾತ್ರ ಚೌಕಗಳ ಏಡಿಯನ್ನೇ. ಹೆಸರು ಮರೆಸಿಕೊಂಡು 'ಇನ್ವೇಡರ್' ಎಂದು ಕರೆದುಕೊಳ್ಳುವ ಫ್ರೆಂಚ್ ಕಲಾವಿದನೊಬ್ಬ 1998ರಿಂದ ಪ್ಯಾರಿಸ್ಸಿನ ಗೋಡೆಗಳ ಮೇಲೆ ಇದೇ ಆಕೃತಿಗಳನ್ನು ಸಣ್ಣ ಟೈಲ್ಸ್ ತುಂಡುಗಳಿಂದ ಅಂಟಿಸುತ್ತಾ ಬಂದಿದ್ದಾನೆ. 2008ರಲ್ಲಿ ವಾರಾಣಸಿಯ ಗೋಡೆಗಳಿಗೂ ಅವು ಬಂದವು. 2015ರಲ್ಲಿ ಒಂದು ತುಂಡು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೂ ತಲುಪಿತು. ಚೌಕಗಳಿಂದ ಚಿತ್ರ ಮಾಡುವ ಈ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಇರಾನ್ ಮತ್ತು ಮಧ್ಯ ಏಷ್ಯಾದ ಮಸೀದಿಗಳ ಗೋಡೆಯಲ್ಲಿ ಇಟ್ಟಿಗೆ, ಹೆಂಚಿನ ತುಂಡುಗಳನ್ನು ಜೋಡಿಸಿ ಬರೆದ ಚೌಕ ಕೂಫಿ ಲಿಪಿಯನ್ನು ಕಂಡವರಿಗೆ ಇದು ಹೊಸದೆನಿಸದು. ನಮ್ಮ ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ತೇರು, ಗೋಪುರ ಮೂಡಿಸುವ ಹೆಣ್ಣುಮಕ್ಕಳಿಗಂತೂ ಪಿಕ್ಸೆಲ್ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ.

ಸಾಯದ ಭೂತಗಳು, ಉಳಿಯದ ನಗರಗಳು

ಹಳದಿ ಉಂಡೆಯ ಚಿತ್ರ 'ಪ್ಯಾಕ್‌ಮನ್' ಆಟದ್ದು. ನಾಮ್ಕೊ ಕಂಪೆನಿಯ ಟೋರು ಇವಾಟಾನಿ 1980ರಲ್ಲಿ ಅದನ್ನು ಹೊರತಂದ. ಆಟದ ಅಂಗಡಿಗಳು ಗುಂಡು ಹಾರಿಸುವ ಗಂಡು ಹುಡುಗರಿಂದಲೇ ತುಂಬಿವೆ, ಹೆಣ್ಣುಮಕ್ಕಳೂ ಬರುವಂತಾಗಬೇಕು ಎಂಬುದು ಅವನ ಉದ್ದೇಶವಾಗಿತ್ತು. ಹಾಗಾಗಿ ತಿನ್ನುವ ಕ್ರಿಯೆಯನ್ನೇ ಆಟ ಮಾಡಿದ. ಜಪಾನಿ ಭಾಷೆಯಲ್ಲಿ ಬಾಯಿ ಬಡಿದು ತಿನ್ನುವ ಸದ್ದಿಗೆ 'ಪಕು ಪಕು' ಎನ್ನುತ್ತಾರೆ, ಹೆಸರು ಬಂದದ್ದು ಅದರಿಂದ. ಅಲ್ಲಿಯೂ ಬೆನ್ನಟ್ಟುವ ನಾಲ್ಕು ಭೂತಗಳಿವೆ. ಆದರೆ ಅವನ್ನು ದ್ವೇಷಿಸಲಾಗದಂತೆ ಮುದ್ದಾಗಿ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಸ್ವಭಾವ ಕೊಟ್ಟ. ಉಂಡೆ ಭೂತವನ್ನು ನುಂಗಿದರೂ ಭೂತ ಸಾಯುವುದಿಲ್ಲ. ಅದರ ಎರಡು ಕಣ್ಣುಗಳು ತಮ್ಮ ಮನೆಗೆ ಓಡಿಹೋಗುತ್ತವೆ, ಅಲ್ಲಿ ಮತ್ತೆ ಮೈ ಪಡೆದು ಹೊರಬರುತ್ತವೆ.

ಮೂರನೆಯ ಚಿತ್ರ ಅಟಾರಿಯ 'ಮಿಸೈಲ್ ಕಮಾಂಡ್'. ಅದೂ 1980ರದ್ದೇ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಬಾಂಬುಗಳನ್ನು ಎದುರುಬದುರು ಜೋಡಿಸಿಟ್ಟುಕೊಂಡಿದ್ದ ಕಾಲ. ಆಡುವವನು ಆರು ನಗರಗಳನ್ನು ಆಕಾಶದಿಂದ ಬೀಳುವ ಕ್ಷಿಪಣಿಗಳಿಂದ ಕಾಪಾಡಬೇಕು. ಈ ಆಟದಲ್ಲಿ ಗೆಲುವೇ ಇಲ್ಲ. ಎಷ್ಟು ಕಾಪಾಡಿದರೂ ಇನ್ನಷ್ಟು ಕ್ಷಿಪಣಿಗಳು ಬರುತ್ತವೆ, ಕೊನೆಗೆ ನಗರಗಳೆಲ್ಲ ನಾಶವಾಗುತ್ತವೆ. ಉಳಿದ ಆಟಗಳಂತೆ 'ಆಟ ಮುಗಿಯಿತು' ಎಂದು ಬರುವುದಿಲ್ಲ, ಪರದೆಯ ತುಂಬ 'ಅಂತ್ಯ' ಎಂಬ ಪದವೊಂದು ಮೂಡುತ್ತದೆ. ಇದನ್ನು ರೂಪಿಸಿದ ಡೇವ್ ತೂರರ್‌ಗೆ ಅಣುಯುದ್ಧದ ದುಃಸ್ವಪ್ನಗಳು ಬೀಳುತ್ತಿದ್ದವು. ಮೊದಲು ಆರು ನಗರಗಳಿಗೆ ಕ್ಯಾಲಿಫೋರ್ನಿಯಾದ ನಿಜವಾದ ಊರುಗಳ ಹೆಸರಿತ್ತು, ಆಮೇಲೆ ಅದನ್ನು ತೆಗೆದರು. ಮನೆಯ ಟಿವಿಗಾಗಿ ಇದೇ ಆಟ ಬಂದಾಗ ಕೈಪಿಡಿಯಲ್ಲಿ ಯುದ್ಧವನ್ನು ಯಾವುದೋ ಎರಡು ಕಾಲ್ಪನಿಕ ಗ್ರಹಗಳ ನಡುವೆ ಇಟ್ಟರು. ಭಯ ನಿಜದ್ದು, ವಿಳಾಸ ಮಾತ್ರ ಬೇರೆ.

ಆಟದಿಂದ ತರಬೇತಿಗೆ

ನಾಲ್ಕನೆಯ ಚಿತ್ರ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿತು. 'ಬ್ಯಾಟಲ್‌ಜೋನ್' ಎಂಬ ಈ ಆಟವನ್ನು ಅಟಾರಿಯ ಎಡ್ ರಾಟ್‌ಬರ್ಗ್ 1980ರಲ್ಲಿ ತಯಾರಿಸಿದ. ಆಡುವವನು ಟ್ಯಾಂಕಿನೊಳಗೆ ಕುಳಿತು ದುರ್ಬೀನಿನಂತಹ ಕಿಂಡಿಯಿಂದ ನೋಡುತ್ತಾನೆ. ಹಸಿರು ಗೆರೆಗಳ ಮೈದಾನ, ದೂರದಲ್ಲಿ ಬೆಟ್ಟಗಳು, ಬೆಂಕಿ ಕಾರುವ ಒಂದು ಜ್ವಾಲಾಮುಖಿ. ಶತ್ರುವೂ ಬರೀ ಗೆರೆಗಳ ಟ್ಯಾಂಕು. ಒಳಗಿರುವವನು ಕಾಣುವುದಿಲ್ಲ.

ಇದನ್ನು ಕಂಡ ಅಮೆರಿಕದ ಸೇನೆಯ ಕಡೆಯವರು ಅಟಾರಿಯ ಬಾಗಿಲಿಗೆ ಬಂದರು. 'ಬ್ರ್ಯಾಡ್ಲಿ' ಎಂಬ ತಮ್ಮ ಹೊಸ ಯುದ್ಧವಾಹನದ ಗುರಿಕಾರರಿಗೆ ತರಬೇತಿ ಕೊಡಲು ಇಂತಹದೇ ಯಂತ್ರ ಬೇಕೆಂದರು. ರಾಟ್‌ಬರ್ಗ್‌ಗೆ ಇದು ಒಪ್ಪಿಗೆ ಇರಲಿಲ್ಲ. ಆಟ ಮಾಡಲು ಬಂದವನು ಸೇನೆಗೇಕೆ ಕೆಲಸ ಮಾಡಬೇಕೆಂದು ವಾದಿಸಿದ. ಕೊನೆಗೆ, ಮುಂದೆಂದೂ ತನಗೆ ಸೇನೆಯ ಕೆಲಸ ಹೇಳಬಾರದು ಎಂಬ ಷರತ್ತಿನ ಮೇಲೆ ಮಾಡಿಕೊಟ್ಟ. ಆ ಯಂತ್ರ ಮಾದರಿಯ ಹಂತ ದಾಟಲಿಲ್ಲ. ಆದರೆ ದಾರಿ ತೆರೆದುಕೊಂಡಿತ್ತು. 1983ರ ಮಾರ್ಚಿನಲ್ಲಿ ಅಧ್ಯಕ್ಷ ರೇಗನ್ ಫ್ಲಾರಿಡಾದಲ್ಲಿ ಮಕ್ಕಳ ಮುಂದೆ ಮಾತನಾಡುತ್ತಾ, ವಿಡಿಯೊ ಗೇಮ್ ಆಡುವ ಮಕ್ಕಳಲ್ಲಿ ಮುಂದಿನ ಯುದ್ಧವಿಮಾನ ಚಾಲಕರ ಕೈಚಳಕ ಬೆಳೆಯುತ್ತಿದೆ ಎಂಬರ್ಥದಲ್ಲಿ ಮೆಚ್ಚುಗೆ ಸೂಚಿಸಿದ. 1996ರಲ್ಲಿ ಅಮೆರಿಕದ ಮರೀನ್ ಪಡೆ 'ಡೂಮ್' ಎಂಬ ಜನಪ್ರಿಯ ಆಟವನ್ನೇ ಬದಲಾಯಿಸಿ ಸೈನಿಕರ ತರಬೇತಿಗೆ ಇಳಿಸಿತು. 2002ರ ಜುಲೈ 4ರಂದು ಸೇನೆಯೇ 'ಅಮೆರಿಕಾಸ್ ಆರ್ಮಿ' ಎಂಬ ಆಟವನ್ನು ಉಚಿತವಾಗಿ ಹಂಚತೊಡಗಿತು. ಹುಡುಗರನ್ನು ಸೇನೆಗೆ ಸೆಳೆಯುವುದೇ ಅದರ ಗುರಿ. ಇಪ್ಪತ್ತು ವರ್ಷ ನಡೆದು 2022ರಲ್ಲಿ ಅದು ನಿಂತಿತು.

ಬ್ರ್ಯಾಡ್ಲಿ ವಾಹನಗಳು ನಿಜವಾದ ಯುದ್ಧಕ್ಕಿಳಿದದ್ದು 1991ರಲ್ಲಿ, ಇರಾಕಿನ ಮರಳಿನಲ್ಲಿ. ಆ ಯುದ್ಧ ನಮ್ಮ ಮನೆಗೂ ಸಂಬಂಧಪಟ್ಟದ್ದು. ನನ್ನ ಚಾಚಾ ಕುವೈತಿನಲ್ಲಿ ದುಡಿಯುತ್ತಿದ್ದರು. ಒಮ್ಮೆ ರಜೆಯಲ್ಲಿ ಬಂದಾಗ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಯೊಂದನ್ನು ತಂದಿದ್ದರು. ಬೀದಿಯ ಮಕ್ಕಳೆಲ್ಲ ನಮ್ಮ ಹಜಾರದಲ್ಲಿ ಸಾಲು ಹಚ್ಚಿ ಆಡುತ್ತಿದ್ದೆವು. 1990ರ ಆಗಸ್ಟಿನಲ್ಲಿ ಸದ್ದಾಂ ಹುಸೇನನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1.7 ಲಕ್ಷ ಮಂದಿಯನ್ನು ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ಕರೆತರಲಾಯಿತು. ಚಾಚಾ ಅವರಲ್ಲೊಬ್ಬರು. ಈ ಸಲ ಅವರ ಕೈಯಲ್ಲಿದ್ದುದು ಒಂದು ಚೀಲ ಮಾತ್ರ.

ಮುಂದಿನ ಜನವರಿಯಲ್ಲಿ ಬಾಂಬ್ ದಾಳಿ ಶುರುವಾಯಿತು. ಟಿವಿಯಲ್ಲಿ ತೋರಿಸಿದ್ದು ವಿಮಾನದ ಕ್ಯಾಮೆರಾ ಕಂಡ ದೃಶ್ಯ: ನಡುವೆ ಗುರಿಯ ಗೆರೆ, ಕೆಳಗೊಂದು ಕಟ್ಟಡ, ಒಂದು ಬಿಳಿ ಮಿಂಚು. ಪಾಶ್ಚಾತ್ಯ ಪತ್ರಿಕೆಗಳೇ ಅದನ್ನು 'ನಿಂಟೆಂಡೊ ಯುದ್ಧ' ಎಂದು ಕರೆದವು. ಮಕ್ಕಳಾದ ನಮಗೆ ಅದು ನಮ್ಮ ಪೆಟ್ಟಿಗೆಯ ಆಟದಂತೆಯೇ ಕಂಡಿತು. ಚಾಚಾ ಎದ್ದು ಟಿವಿ ಆರಿಸಿದರು. ಫೆಬ್ರುವರಿ 13ರಂದು ಬಾಗ್ದಾದಿನ ಅಮೀರಿಯಾ ಆಶ್ರಯತಾಣದ ಮೇಲೆ ಬಿದ್ದ ಬಾಂಬುಗಳಿಗೆ 400ಕ್ಕೂ ಹೆಚ್ಚು ನಾಗರಿಕರು ಬಲಿಯಾದರು. ಮೇಲಿನ ಕ್ಯಾಮೆರಾಕ್ಕೆ ಅದೂ ಒಂದು ಚೌಕವೇ.

ಮುಖ ಬಂದ ಮೇಲೆ

ಯುದ್ಧ ಮುಗಿದ ಮರುವರ್ಷವೇ, ಅಂದರೆ 1992ರಲ್ಲಿ, 'ಡೆಸರ್ಟ್ ಸ್ಟ್ರೈಕ್' ಎಂಬ ಆಟ ಅಂಗಡಿಗೆ ಬಂತು. ಹೆಲಿಕಾಪ್ಟರಿನಲ್ಲಿ ಕೊಲ್ಲಿಯ ಮರಳುಗಾಡಿಗೆ ಮರಳಿ ಒಬ್ಬ ಹುಚ್ಚು ಸೇನಾನಿಯನ್ನು ಸದೆಬಡಿಯುವುದು ಅದರ ಕಥೆ. ಅನ್ಯಲೋಕದ ಏಡಿಯ ಜಾಗಕ್ಕೆ ಅರಬನು ಬಂದ. 2001ರ ನಂತರ ಇದೊಂದು ಪ್ರವಾಹವೇ ಆಯಿತು. ಈಗ ಯಂತ್ರಗಳಿಗೆ ಶಕ್ತಿ ಬಂದಿತ್ತು. ಶತ್ರುವಿನ ಗಡ್ಡ, ತಲೆಗೆ ಸುತ್ತಿದ ವಸ್ತ್ರ, ಅವನ ಕೂಗು, ಅವನ ರಕ್ತ ಎಲ್ಲವನ್ನೂ ತೋರಿಸಬಹುದಿತ್ತು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ವಾಂಸ ವಿತ್ ಶಿಸ್ಲರ್ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹ ಆಟಗಳನ್ನು ಪರಿಶೀಲಿಸಿ, ಅರಬರನ್ನೂ ಮುಸ್ಲಿಮರನ್ನೂ ಒಂದೇ ಅಚ್ಚಿನ ಶತ್ರುಗಳನ್ನಾಗಿ ಚಿತ್ರಿಸುವ ಪರಿಯನ್ನು ವಿವರಿಸಿದ್ದಾನೆ. ಡಮಾಸ್ಕಸ್ಸಿನಲ್ಲಿ ಕೆಲವರು ಇದಕ್ಕೆ ಪ್ರತಿಯಾಗಿ 2000ರ ದಶಕದ ಆರಂಭದಲ್ಲಿ ಪ್ಯಾಲೆಸ್ತೀನಿ ಯುವಕನೊಬ್ಬನ ಕಥೆಯನ್ನು ಆಟವಾಗಿಸಿದರು. ಅದರಲ್ಲಿ ನಿಶ್ಶಸ್ತ್ರ ನಾಗರಿಕನನ್ನು ಕೊಂದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅದೂ ಬಂದೂಕಿನ ಆಟವೇ ಆಗಿತ್ತು ಎಂಬುದನ್ನೂ ಹೇಳಬೇಕು.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನನಗೆ ಹೆಚ್ಚು ಚುಚ್ಚಿದ ಸಂಗತಿ ಬೇರೆ. 2009ರಲ್ಲಿ ಬಂದ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಎಂಬ ಆಟದಲ್ಲಿ ಕರಾಚಿಯ ಬೀದಿಗಳಿವೆ. ಆದರೆ ಗೋಡೆಗಳ ಮೇಲಿನ, ಅಂಗಡಿಗಳ ಮೇಲಿನ ಬರಹ ಉರ್ದುವಲ್ಲ, ಅರಬಿ. ಕರಾಚಿಯ ಜನ ಯಾವ ಭಾಷೆಯಲ್ಲಿ ಬೋರ್ಡು ಬರೆಸುತ್ತಾರೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದೇ ಆಟದ ಇನ್ನೊಂದು ಬೀದಿ ಬ್ರೆಜಿಲಿನ ಕೊಳೆಗೇರಿಯದ್ದು. ಅಲ್ಲಿನ ಬಚ್ಚಲುಮನೆಯ ಗೋಡೆಯಲ್ಲಿ ಒಂದು ಚಿತ್ರಪಟ ತೂಗುತ್ತದೆ. ಅದರ ಚೌಕಟ್ಟಿನ ಮೇಲೆ ಅಲ್ಲಾಹನ ಸೌಂದರ್ಯವನ್ನು ಕುರಿತ ಪ್ರಸಿದ್ಧ ಹದೀಸ್ ಬರೆದಿತ್ತು. ಅಲಂಕಾರಕ್ಕೆಂದು ಯಾರೋ ಅರ್ಥ ತಿಳಿಯದೆ ತಂದು ಹಾಕಿದ್ದಿರಬೇಕು. 2012ರ ಅಕ್ಟೋಬರಿನಲ್ಲಿ ಮುಸ್ಲಿಮ್ ಆಟಗಾರರು ದೂರು ಕೊಟ್ಟಾಗ ಆ ಭಾಗವನ್ನು ಹಿಂತೆಗೆದು, ತಿದ್ದಿ ಮತ್ತೆ ಸೇರಿಸಿದರು. 2021ರಲ್ಲಿ ಇದೇ ಸರಣಿಯ ಮತ್ತೊಂದು ಆಟದಲ್ಲಿ ಕುರ್‌ಆನ್‌ನ ಹಾಳೆಗಳು ನೆಲದ ಮೇಲೆ ಚೆಲ್ಲಿದಂತೆ ಕಂಡುಬಂದು ಕಂಪೆನಿ ಕ್ಷಮೆ ಕೇಳಬೇಕಾಯಿತು.

ಕ್ಷಮೆ ಕೇಳಿದ್ದು ಒಳ್ಳೆಯದೇ. ಆದರೆ ಅಕ್ಷರ ಅಳಿಸಿದರೆ ಪ್ರಶ್ನೆ ಅಳಿಯುವುದಿಲ್ಲ. ಪವಿತ್ರ ಬರಹಕ್ಕೆ ಆದ ಅವಮಾನ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಅದೇ ಗೋಡೆಯ ಪಕ್ಕದಲ್ಲಿ ದಿನಕ್ಕೆ ಸಾವಿರ ಸಲ ಸಾಯುವ, ಹೆಸರಿಲ್ಲದ ಮನುಷ್ಯನ ಬಗ್ಗೆ ದೂರು ಕೊಟ್ಟವರು ಎಷ್ಟು ಮಂದಿ?

ಈ ಮಾತನ್ನು ಊಟದ ನಂತರ ಹುಡುಗನೊಡನೆ ಎತ್ತಿದೆ. ಕಾಲೇಜಿನ ದಿನಗಳಲ್ಲಿ ಅವನೂ ಅದೇ ಕರಾಚಿಯ ಬೀದಿಗಳಲ್ಲಿ ರಾತ್ರಿಯಿಡೀ ಆಡಿದವನು. "ಮಾಮು, ಗೋಡೆ ಮೇಲೆ ಏನು ಬರೆದಿದೆ ಅಂತ ಯಾರು ಓದುತ್ತಾರೆ? ಗೋಡೆ ಹಿಂದೆ ಯಾರು ಅಡಗಿದ್ದಾನೆ ಅಂತ ಮಾತ್ರ ನೋಡ್ತೀವಿ" ಎಂದ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಅವನಿಗೆ ಉರ್ದು ಓದಲು ಬಾರದು. ಕರಾಚಿಯ ಗೋಡೆಯಲ್ಲಿದ್ದುದು ಅರಬಿಯೋ ಉರ್ದುವೋ ಎಂಬುದು ಅವನಿಗೂ ತಿಳಿದಿರಲಿಲ್ಲ. ಅವನನ್ನು ದೂರುವಂತಿರಲಿಲ್ಲ. ಕಲಿಸಬೇಕಾಗಿದ್ದವರು ನಾವು.

"ಹೊಸ ಆಟಗಳ ಪೋಸ್ಟರ್ ಯಾಕೆ ಹಾಕಲಿಲ್ಲ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅವನ್ನು ಆಡಬಹುದು ಮಾಮು, ದಿನಾ ನೋಡ್ತಾ ಕೂರೋಕಾಗಲ್ಲ" ಎಂದ. ಹಳೆಯ ಚಿತ್ರಗಳ ಮೋಹವನ್ನು ಬರೀ ಬಾಲ್ಯದ ಹಂಬಲ ಎನ್ನುತ್ತಾರೆ. ಆದರೆ ಈ ಆಟಗಳು ಅವನ ಬಾಲ್ಯದವಲ್ಲ, ಅವನು ಹುಟ್ಟುವ ಮೊದಲಿನವು. ಯಾರೂ ಸಾಯದ ಒಂದು ಆಟವನ್ನು ಅವನು ಗೋಡೆಗೆ ಹುಡುಕಿಕೊಂಡಿದ್ದ ಎನ್ನಿಸಿತು.

ಹೊರಡುವಾಗ ಟ್ಯಾಂಕಿನ ಚಿತ್ರದ ಮುಂದೆ ಮತ್ತೆ ನಿಂತೆ. ರಾಟ್‌ಬರ್ಗ್‌ನ ಕಥೆಯನ್ನೂ ಚಾಚಾರ ಕಥೆಯನ್ನೂ ಅವನಿಗೆ ಹೇಳಿದೆ. ಎರಡೂ ಅವನಿಗೆ ಹೊಸದು. "ಹಾಗಾದರೆ ಇದನ್ನು ತೆಗೆದುಬಿಡಲಾ?" ಎಂದು ಕೇಳಿದ.

"ಬೇಡ, ಇರಲಿ. ಮನೆಗೆ ಬಂದವರು ಕೇಳಿದರೆ ಪೂರ್ತಿ ಕಥೆ ಹೇಳು" ಎಂದೆ. ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದ ಅಮ್ಮಿ ಬಾಗಿಲಿನಿಂದಲೇ ಕೂಗಿದರು, "ಬೇಟಾ, ಆಯತುಲ್ ಕುರ್ಸಿಯ ಕಟ್ಟು ಕಳಿಸಿಕೊಡುತ್ತೇನೆ. ಎಲ್ಲಿ ಹಾಕುತ್ತೀಯ ನೋಡಿಕೊ."

ಹುಡುಗ ಗೋಡೆಯ ಕಡೆ ತಿರುಗಿ ಜಾಗ ಅಳೆಯತೊಡಗಿದ.